ಗೋಡೆಗೆ ಕೈಯೂರಿ ನಿಂತ ಹುಡುಗನಿಗೆ

ಪ್ರಿಯ ಹುಡುಗ,

ನಿನಗೆ ಹೆಸರುಗಳು ಬಹಳ. ಒಂದು ಕತೆಯಲ್ಲಿ ಕ್ಯೋಯಾ, ಅಮೆರಿಕದ ಫೋರ್ಕ್ಸ್ ಎಂಬ ಮಳೆಯೂರಿನಲ್ಲಿ ಎಡ್ವರ್ಡ್. ಕೂದಲಿನ ಬಣ್ಣ ಬದಲಾಗುತ್ತದೆ, ಸಮವಸ್ತ್ರ ಬದಲಾಗುತ್ತದೆ, ನಿಲುವು ಮಾತ್ರ ಅದೇ. ಶಾಲೆಯ ಓಣಿಯಲ್ಲಿ ಹುಡುಗಿಯ ಬೆನ್ನು ಗೋಡೆಗೆ ತಾಗಿದೆ. ಅವಳ ಕಿವಿಯ ಪಕ್ಕದಲ್ಲೇ ನಿನ್ನ ಅಂಗೈ ಧಡ್ಡೆಂದು ಬಿದ್ದಿದೆ. ಅತ್ತ ಸರಿಯಲು ಜಾಗವಿಲ್ಲ, ಇತ್ತ ಸರಿಯಲು ನೀನು ಬಿಡುತ್ತಿಲ್ಲ. ಚಿತ್ರದ ಹಿನ್ನೆಲೆ ಬೆಳ್ಳಗಾಗಿ ಅಲ್ಲಿ ಹೂವು ಅರಳುತ್ತದೆ. ಇದನ್ನು ನೋಡಿ ಓದುವವಳ ಎದೆ ಹೊಡೆದುಕೊಳ್ಳಬೇಕು ಎಂಬುದು ಆ ಪುಟದ ಆಸೆ. ನನ್ನ ಎದೆಯೂ ಹೊಡೆದುಕೊಂಡಿದೆ. ಅದು ಪ್ರೀತಿಗೋ ಭಯಕ್ಕೋ ಎಂದು ಕೇಳಿಕೊಳ್ಳಲು ನನಗೆ ವರ್ಷಗಳು ಬೇಕಾದವು.

ನಿನ್ನಂಥವರಿರುವ ಮಂಗಾಗಳನ್ನು, ಅಂದರೆ ಜಪಾನಿನ ಚಿತ್ರಕತೆಗಳನ್ನು, ನಾನು ಬಹುಕಾಲದಿಂದ ಓದುತ್ತಿದ್ದೇನೆ. ಜಪಾನಿ ಭಾಷೆ ಬಾರದು. ಇಂಗ್ಲಿಷ್ ಅನುವಾದಗಳಲ್ಲಿ, ಬಲದಿಂದ ಎಡಕ್ಕೆ ಕಣ್ಣು ಹಾಯಿಸುತ್ತ ಓದಿದ್ದು. ಹದಿಹರೆಯದವರಿಗೆಂದು ಅಮೆರಿಕದಲ್ಲಿ ಬರೆದ ಪ್ರೇಮಕಾದಂಬರಿಗಳನ್ನೂ ಬಿಟ್ಟಿಲ್ಲ. ನಿನ್ನನ್ನು ನಿಷೇಧಿಸಬೇಕು ಎನ್ನುವವರ ಸಾಲಿನಲ್ಲಿ ನಾನಿಲ್ಲ. ಇಂಥದ್ದನ್ನೆಲ್ಲ ಓದಿದರೆ ಹೆಣ್ಣುಮಕ್ಕಳು ಹಾಳಾಗುತ್ತಾರೆ ಎನ್ನುವವರ ಹತ್ತಿರವಂತೂ ಸುಳಿಯುವುದಿಲ್ಲ. ಈ ಕತೆಗಳು ನನಗೆ ಬೇಕು. ಬೇಕು ಅನ್ನಿಸುವುದರಿಂದಲೇ ಕೂತು ಬರೆಯುತ್ತಿದ್ದೇನೆ. ನೀನು ಗೋಡೆಯಿಂದ ಕೈ ತೆಗೆದರೆ ಪ್ರೇಮಕತೆ ಸಪ್ಪೆಯಾಗುತ್ತದೆ ಎಂದು ನಿನಗೆ ಯಾರೋ ಹೇಳಿಕೊಟ್ಟಿದ್ದಾರೆ. ಅದು ಸುಳ್ಳು ಎಂದು ತೋರಿಸುವುದಕ್ಕೆ ನಿನ್ನ ಓರಗೆಯವರೇ ನನ್ನ ಬಳಿ ಸಾಕ್ಷಿಗಳಾಗಿದ್ದಾರೆ.

ನಿನ್ನ ಹಿರಿಯಣ್ಣ ದೊಮ್ಯೋಜಿಯಿಂದ ಶುರು ಮಾಡುತ್ತೇನೆ. ಯೋಕೊ ಕಾಮಿಯೊ ಅವರ ‘ಹಾನಾ ಯೋರಿ ದಾಂಗೊ’ 1992ರಿಂದ 2003ರವರೆಗೆ ‘ಮಾರ್ಗರೆಟ್’ ಎಂಬ ಹುಡುಗಿಯರ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. 36 ಸಂಪುಟಗಳಷ್ಟು ಬೆಳೆಯಿತು. 2001ರಲ್ಲಿ ತೈವಾನಿನವರು, 2005ರಲ್ಲಿ ಜಪಾನಿನವರು, 2009ರಲ್ಲಿ ಕೊರಿಯಾದವರು ಅದನ್ನು ಟಿವಿಗೆ ತಂದರು. ಇವತ್ತು ಕೊರಿಯನ್ ಧಾರಾವಾಹಿಗಳ ಹುಚ್ಚು ಹಿಡಿಸಿಕೊಂಡಿರುವ ನಮ್ಮ ಊರುಗಳ ಎಷ್ಟೋ ಹುಡುಗಿಯರು ‘ಬಾಯ್ಸ್ ಓವರ್ ಫ್ಲವರ್ಸ್’ ಎಂಬ ಹೆಸರಿನಲ್ಲಿ ನಿನ್ನಣ್ಣನನ್ನು ಬಲ್ಲರು. ಸಿರಿವಂತರ ಮಕ್ಕಳು ಓದುವ ಶಾಲೆ, ಅಲ್ಲಿ ದೊಮ್ಯೋಜಿ ಮತ್ತು ಅವನ ಮೂವರು ಗೆಳೆಯರ ದರ್ಬಾರು. ಅವನಿಗೆ ಆಗದವರಿಗೆ ಒಂದು ಕೆಂಪು ಚೀಟಿ ಸಿಕ್ಕಿತೆಂದರೆ ಮುಗಿಯಿತು, ಇಡೀ ಶಾಲೆ ಅವರನ್ನು ಅಟ್ಟಾಡಿಸುತ್ತದೆ. ಬಡ ಕುಟುಂಬದ ತ್ಸುಕುಶಿ ಗೆಳತಿಯ ಪರವಾಗಿ ಬಾಯಿ ತೆರೆದಳು ಎಂಬುದೇ ಅವಳ ತಪ್ಪು. ಮೊದಲ ಅಧ್ಯಾಯಗಳಲ್ಲಿ ದೊಮ್ಯೋಜಿ ಅವಳ ಮೇಲೆ ಹುಡುಗರನ್ನು ಛೂ ಬಿಡುತ್ತಾನೆ. ಅದನ್ನು ತುಂಟತನ ಎನ್ನಲಾಗದು, ಅಪರಾಧ ಎನ್ನಬೇಕು. ಆ ಪುಟಗಳನ್ನು ಇವತ್ತು ತೆರೆದರೂ ನನಗೆ ಮೈ ಉರಿಯುತ್ತದೆ.

ಆದರೂ ನಾನು ಆ ಕತೆಯನ್ನು ಕೊನೆಯವರೆಗೆ ಓದಿದೆ. ಓದಿಸಿದ್ದು ನಿನ್ನಣ್ಣನಲ್ಲ, ತ್ಸುಕುಶಿ. ಅವಳು ತಿರುಗಿ ಬಾರಿಸುತ್ತಾಳೆ. ಅಪ್ಪ ಅಮ್ಮ ‘ಸಿರಿವಂತ ಹುಡುಗ, ಬಿಡಬೇಡ’ ಎಂದು ದುಂಬಾಲು ಬಿದ್ದರೂ ತನ್ನ ಲೆಕ್ಕ ತಾನೇ ಹಾಕುತ್ತಾಳೆ. ಶಾಲೆ ಮುಗಿಸಿ ಸಿಹಿತಿಂಡಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮನೆಯ ಬಾಡಿಗೆ, ಸಾಲ, ಹೊಟ್ಟೆಪಾಡು ಆ ಕತೆಯಲ್ಲಿ ಸದಾ ಹೊಸಿಲಲ್ಲೇ ಕೂತಿರುತ್ತವೆ. ಕೊನೆಗೆ ದೊಮ್ಯೋಜಿ ನ್ಯೂಯಾರ್ಕಿಗೆ ಹೊರಟಾಗ ಅವಳು ಗಂಟುಮೂಟೆ ಕಟ್ಟಿ ಅವನ ಹಿಂದೆ ಹೋಗುವುದಿಲ್ಲ. ಕಾಮಿಯೊ ಅವರ ಕಣ್ಣು ಅವಳ ಮೇಲಿತ್ತು, ಅದಕ್ಕೇ ಕತೆ ನಿಂತಿತು. ಆಮೇಲೆ ಬಂದ ಎಷ್ಟೋ ಜನ ಆ ಕತೆಯಿಂದ ತೆಗೆದುಕೊಂಡಿದ್ದು ಹುಡುಗನ ಸಿಟ್ಟು, ಹುಡುಗನ ಕಾರು, ಹುಡುಗನ ಅಹಂಕಾರ. ತ್ಸುಕುಶಿಯ ಮುಷ್ಟಿಯನ್ನು ಅಲ್ಲೇ ಬಿಟ್ಟು ಬಂದರು.

ಆಮೇಲೆ ನೀನು ಹುಟ್ಟಿದೆ. ಆಯು ವತಾನಾಬೆ ಅವರ ‘ಎಲ್‌ಡಿಕೆ’ ಎಂಬ ಮಂಗಾ 2014ರಲ್ಲಿ ಸಿನಿಮಾ ಆಯಿತು, ಅದರಲ್ಲೂ ನಿನ್ನ ಭಂಗಿಯಿತ್ತು. ಗೋಡೆಗೆ ಕೈ ಬಡಿದು ಹುಡುಗಿಯನ್ನು ತಡೆದು ನಿಲ್ಲಿಸುವ ನಿನ್ನ ಭಂಗಿಗೆ ಜಪಾನಿನಲ್ಲಿ ಇರುವ ಹೆಸರು ‘ಕಬೆದೋನ್’. ಅದೇ ವರ್ಷ ಅಲ್ಲಿ ಅತಿ ಹೆಚ್ಚು ಚಲಾವಣೆಗೆ ಬಂದ ಹತ್ತು ನುಡಿಗಳ ಪಟ್ಟಿಗೂ ಅದು ಏರಿತು. ಅದೇ ಹೊತ್ತಿಗೆ ಆಯುಕೊ ಹತ್ತಾ ಅವರ ‘ಓಕಾಮಿ ಶೋಜೊ ತೊ ಕುರೊ ಓಜಿ’ ಮನೆಮಾತಾಗಿತ್ತು. ಎರಿಕಾ ಎಂಬ ಹುಡುಗಿ ಗೆಳತಿಯರ ಮುಂದೆ ಮಾನ ಉಳಿಸಿಕೊಳ್ಳಲು ‘ನನಗೂ ಒಬ್ಬ ಹುಡುಗನಿದ್ದಾನೆ’ ಎಂದು ಸುಳ್ಳು ಹೇಳಿ, ದಾರಿಯಲ್ಲಿ ಕಂಡ ಯಾರದೋ ಫೋಟೊ ತೋರಿಸುತ್ತಾಳೆ. ಆ ಫೋಟೊದ ಹುಡುಗ ಕ್ಯೋಯಾ, ಅವಳದೇ ಶಾಲೆಯವನು. ನಾಟಕಕ್ಕೆ ಅವನು ಒಪ್ಪುತ್ತಾನೆ, ಆದರೆ ಅವಳು ಅವನ ನಾಯಿಯಾಗಿರಬೇಕು. ನಾಯಿ ಎಂದೇ ಕರೆಯುತ್ತಾನೆ, ಹಾಗೇ ನಡೆಸಿಕೊಳ್ಳುತ್ತಾನೆ.

ಆ ಕತೆಯ ಆರಂಭ ನನಗೆ ಬಹಳ ಹಿಡಿಸಿತ್ತು. ಹೊಸ ಶಾಲೆಯಲ್ಲಿ ಒಂಟಿಯಾಗುವ ಭಯಕ್ಕೆ ಸುಳ್ಳು ಹೇಳುವ ಹುಡುಗಿ ನಿಜವಾದ ಹುಡುಗಿ. ಅಂಥವಳನ್ನು ನಾನು ಬಲ್ಲೆ, ನಾವೆಲ್ಲರೂ ಬಲ್ಲೆವು. ಆ ಭಯವನ್ನು ಬರೆಯುವ ಅವಕಾಶ ಎದುರಿಗಿದ್ದಾಗ ಕತೆ ಅವಳನ್ನು ಬಿಟ್ಟು ನಿನ್ನ ಬೆನ್ನು ಹತ್ತಿತು. ಮುಂದೆ ನಿನ್ನ ಬಾಲ್ಯದ ಕತೆ ಬಂತು: ಬಿಟ್ಟುಹೋದ ತಾಯಿ, ಮುದುಡಿಕೊಂಡ ಮಗ. ಹುಳಿ ಹೆಚ್ಚಾದ ಸಾರಿಗೆ ಕೊನೆಯಲ್ಲಿ ಬೆಲ್ಲದ ಉಂಡೆ ಹಾಕಿದ ಹಾಗೆ, ಅಷ್ಟೂ ಸಂಪುಟಗಳ ಕ್ರೌರ್ಯಕ್ಕೆ ಒಂದು ದುಃಖದ ಬಾಲ್ಯ. ನಿನ್ನ ಅಮ್ಮ ಬಿಟ್ಟುಹೋದದ್ದು ನನಗೂ ಸಂಕಟವೇ. ಆದರೆ ಅದಕ್ಕೂ ಎರಿಕಾಳಿಗೂ ಏನು ಸಂಬಂಧ? ನೀನು ಯಾಕೆ ಹೀಗಾದೆ ಎಂದು ನನಗೆ ತಿಳಿಯುವುದು ಬೇರೆ, ನೀನು ಅವಳ ಮುಂದೆ ನಿಂತು ‘ನಾನು ಮಾಡಿದ್ದು ತಪ್ಪು’ ಎನ್ನುವುದು ಬೇರೆ. ನಿನ್ನ ಕತೆಗಳಲ್ಲಿ ಮೊದಲನೆಯದು ಸಿಕ್ಕ ಕೂಡಲೇ ಎರಡನೆಯದನ್ನು ಮರೆತುಬಿಡುತ್ತಾರೆ. ಹುಡುಗಿ ಅಳುತ್ತ ನಿನ್ನನ್ನು ತಬ್ಬಿಕೊಳ್ಳುತ್ತಾಳೆ. ಕ್ಷಮೆ ಕೇಳಬೇಕಾದವನಿಗೇ ಸಾಂತ್ವನ ಸಿಗುತ್ತದೆ.

ಎಡ್ವರ್ಡ್ ಆಗಿದ್ದಾಗ ನಿನಗೆ ಗೋಡೆಯೂ ಬೇಕಾಗಲಿಲ್ಲ. ಸ್ಟೆಫೆನಿ ಮೇಯರ್ ಅವರ ‘ಟ್ವಿಲೈಟ್’ 2005ರಲ್ಲಿ ಬಂತು. ಅದರಲ್ಲಿ ನೀನು ಬೆಲ್ಲಾ ಎಂಬ ಹುಡುಗಿಗೆ ಗೊತ್ತಿಲ್ಲದೆ ರಾತ್ರಿಯೆಲ್ಲ ಅವಳ ಕೋಣೆಯಲ್ಲಿ ನಿಂತು ಅವಳು ನಿದ್ದೆ ಮಾಡುವುದನ್ನು ನೋಡುತ್ತೀಯ. ಮೂರನೆಯ ಪುಸ್ತಕದಲ್ಲಿ ಅವಳು ಗೆಳೆಯ ಜೇಕಬ್‌ನನ್ನು ನೋಡಲು ಹೋಗದಿರಲಿ ಎಂದು ಅವಳ ವಾಹನದ ಎಂಜಿನ್ನಿನ ಭಾಗವನ್ನೇ ಕಳಚಿಡುತ್ತೀಯ. ಅದನ್ನು ಅಕ್ಕರೆ ಎಂದು ಪುಸ್ತಕ ನನಗೆ ಹೇಳುತ್ತದೆ. ಎಷ್ಟು ಅಕ್ಕರೆಯಿದ್ದರೂ ಒಬ್ಬಳ ಗಾಡಿ ಕೆಡಿಸಿ ಅವಳನ್ನು ಮನೆಯಲ್ಲೇ ಉಳಿಸುವವನ ಜೊತೆ ನನ್ನ ಮನೆಯ ಹುಡುಗಿ ಕಾಫಿ ಕುಡಿಯಲು ಹೋಗುವುದೂ ನನಗೆ ಇಷ್ಟವಿಲ್ಲ.

ಆದರೆ ಮೇಯರ್ ಅವರನ್ನು ಹಳಿದು ಕೈ ತೊಳೆದುಕೊಳ್ಳುವ ವಿಮರ್ಶಕರ ಜೊತೆಗೂ ನಾನಿಲ್ಲ. ಎರಡನೆಯ ಪುಸ್ತಕದಲ್ಲಿ ನೀನು ಬಿಟ್ಟುಹೋದ ಮೇಲೆ ಕೆಲವು ಪುಟಗಳಲ್ಲಿ ತಿಂಗಳ ಹೆಸರು ಮಾತ್ರ ಇದೆ. ಅಕ್ಟೋಬರ್ ಒಂದು ಪುಟ, ನವೆಂಬರ್ ಒಂದು ಪುಟ, ಹೀಗೆ ಜನವರಿಯವರೆಗೆ. ಬೇರೆ ಒಂದು ಅಕ್ಷರವಿಲ್ಲ. ಮೊದಲ ಪ್ರೀತಿ ಮುರಿದು ಬಿದ್ದ ಹದಿನೇಳು ಹದಿನೆಂಟರ ಹುಡುಗಿಗೆ ತಿಂಗಳುಗಳು ಹೇಗೆ ಹೋಗುತ್ತವೆ ಎಂದು ಬಲ್ಲ ಬರಹಗಾರ್ತಿ ಮಾತ್ರ ಪುಟವನ್ನು ಹಾಗೆ ಖಾಲಿ ಬಿಟ್ಟಾಳು. ಮೇಯರ್ ಅವರಿಗೆ ಪ್ರೀತಿಯ ಆ ಹಸಿವು ಗೊತ್ತು, ಓದಿದ ಲಕ್ಷಾಂತರ ಹುಡುಗಿಯರಿಗೂ ಗೊತ್ತಿತ್ತು. ನನ್ನ ದೂರು ಇಷ್ಟೇ: ಆ ಹಸಿವಿಗೆ ಪುಸ್ತಕ ಬಡಿಸಿದ್ದು ನಿನ್ನೊಬ್ಬನನ್ನು. ಬೆಲ್ಲಾಳಿಗೆ ಶಾಲೆಯ ಗೆಳತಿಯರು ಹೆಸರಿಗಷ್ಟೇ ಇದ್ದಾರೆ, ಕಾಲೇಜು ಅವಳಿಗೆ ನೆಪ, ತಾನು ಏನಾಗಬೇಕು ಎಂಬ ಪ್ರಶ್ನೆಗೆ ನೀನೇ ಉತ್ತರ. ವಯಸ್ಸಿನ ಮಾತನ್ನೂ ಆಡಿಬಿಡುತ್ತೇನೆ. 1901ರಲ್ಲಿ ಹುಟ್ಟಿದವನು ಹದಿನೇಳರ ಹುಡುಗಿಯ ತರಗತಿಯಲ್ಲಿ ಬಂದು ಕೂರುವುದನ್ನು ರಕ್ತಪಿಶಾಚಿಯ ಕತೆ ಎಂದು ನಾನು ದಾಟಿಬಿಡಬಹುದು. ಆದರೆ ನತ್ಸುಕಿ ತಕಾಯಾ ಅವರ ‘ಫ್ರೂಟ್ಸ್ ಬ್ಯಾಸ್ಕೆಟ್’ ಮಂಗಾದಲ್ಲಿ ಮಾಧ್ಯಮಿಕ ಶಾಲೆಯ ಹುಡುಗಿಯನ್ನು ಅದೇ ಶಾಲೆಗೆ ತರಬೇತಿಗೆ ಬಂದ ಶಿಕ್ಷಕ ಪ್ರೀತಿಸಿ ಮದುವೆಯಾಗುವುದನ್ನು ದಾಟಲಾರೆ. ಕುಟುಂಬವೊಂದು ಮಕ್ಕಳನ್ನು ಹೇಗೆ ಮುರಿಯುತ್ತದೆ ಎಂದು ಅಷ್ಟು ಚೆನ್ನಾಗಿ ಬರೆದ, ನಾನು ಎದೆಗೊತ್ತಿ ಹಿಡಿದುಕೊಂಡಿರುವ ಕತೆ ಅದು. ಆ ಒಂದು ಎಳೆ ಮಾತ್ರ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಈಗ ನಿನಗೆ ನಿನ್ನದೇ ಮನೆಯ ಹಳೆಯ ಕತೆ ಹೇಳಬೇಕು. ಜಪಾನಿನ ಹುಡುಗಿಯರ ಮಂಗಾಗಳನ್ನು ಮೊದಮೊದಲು ಹೆಚ್ಚಾಗಿ ಬರೆಯುತ್ತಿದ್ದವರು ಗಂಡಸರು. ಒಸಾಮು ತೆಝುಕಾ ಅವರ ‘ರಿಬೋನ್ ನೊ ಕಿಶಿ’ 1953ರಲ್ಲಿ ಶುರುವಾಯಿತು, ಅದು ದೊಡ್ಡ ಹೆಜ್ಜೆ. 1970ರ ದಶಕದಲ್ಲಿ ಮೋತೊ ಹಾಗಿಯೊ, ಕೇಕೊ ತಕೆಮಿಯಾ, ಯುಮಿಕೊ ಓಶಿಮಾ, ರಿಯೊಕೊ ಇಕೆದಾ ಮುಂತಾದ ತರುಣಿಯರು ಲೇಖನಿ ಹಿಡಿದು ಕೂತಾಗ ಪುಟವೇ ಬೇರೆಯಾಯಿತು. ಚೌಕಟ್ಟಿನ ಗೆರೆಗಳು ಕರಗಿದವು. ಆಡಿದ ಮಾತು ಗುಳ್ಳೆಯೊಳಗೆ ಉಳಿಯಿತು, ಆಡದೆ ನುಂಗಿದ ಮಾತು ಗುಳ್ಳೆಯಿಲ್ಲದೆ ಪುಟದ ತುಂಬ ತೇಲಿತು. ಒಬ್ಬಳು ಮೆಟ್ಟಿಲ ಮೇಲೆ ನಿಂತಿದ್ದಾಳೆ, ಗಾಳಿಗೆ ಕೂದಲು ಹಾರುತ್ತಿದೆ, ಏನೂ ನಡೆಯುತ್ತಿಲ್ಲ, ಆದರೆ ಅವಳ ಮನಸ್ಸಿನಲ್ಲಿ ಓಡುತ್ತಿರುವ ಅರ್ಧ ವಾಕ್ಯಗಳನ್ನು ನಾವು ಓದುತ್ತಿದ್ದೇವೆ. ಒಂದು ಕ್ಷಣಕ್ಕೆ ನಾಲ್ಕು ಪುಟ ಕೊಡುವ ಧೈರ್ಯ ಆ ಹೆಂಗಸರದು. ನಿನ್ನ ಅಂಗೈ ಗೋಡೆಗೆ ಬಡಿದಾಗ ಎದ್ದ ಸದ್ದು ನುಂಗುವುದು ಆ ಅರ್ಧ ವಾಕ್ಯಗಳನ್ನೇ. ಅಲ್ಲಿಂದ ಮುಂದೆ ಅವಳ ಮನಸ್ಸಿನಲ್ಲಿ ಇರುವುದು ನೀನು ಮಾತ್ರ.

ಆಡದ ಮಾತಿನ ಈ ಬೆಲೆ ಕನ್ನಡದ ಓದುಗಾರ್ತಿಯಾದ ನನಗೆ ಬೇಗ ಅರ್ಥವಾಯಿತು, ಕಾರಣ ತ್ರಿವೇಣಿ. 1963ರಲ್ಲಿ, ಇನ್ನೂ ಮೂವತ್ತೈದರ ಒಳಗೇ ತೀರಿಕೊಂಡ ಆಕೆ ‘ಶರಪಂಜರ’ದಂಥ ಕಾದಂಬರಿಗಳಲ್ಲಿ ಹೆಣ್ಣಿನ ತಲೆಯೊಳಗಿನ ಗದ್ದಲವನ್ನು ಕತೆಯ ನಡುಮನೆಗೆ ತಂದರು. ನನ್ನ ಅಮ್ಮ ಮಧ್ಯಾಹ್ನದ ಕೆಲಸ ಮುಗಿಸಿ ಬಾಡಿಗೆ ಲೈಬ್ರರಿಯಿಂದ ತಂದ ತ್ರಿವೇಣಿ, ಸಾಯಿಸುತೆ, ಉಷಾ ನವರತ್ನರಾಂ ಓದುತ್ತಿದ್ದಾಗ ಅದನ್ನು ಹೊತ್ತು ಕಳೆಯುವ ಓದು ಎಂದು ಮೂಗು ಮುರಿಯುವವರು ಮನೆಯಲ್ಲೇ ಇದ್ದರು. ಅದೇ ಮೂಗುಗಳು ಇವತ್ತು ಮಂಗಾ ಓದುವ ಹುಡುಗಿಯನ್ನು ಕಂಡು ಮುರಿಯುತ್ತವೆ. ಹುಡುಗಿಯರು ಇಷ್ಟಪಟ್ಟು ಓದುವುದೆಲ್ಲ ಹಗುರ ಎಂಬ ಆ ತೀರ್ಪಿನ ಬಗ್ಗೆ ನನಗೆ ಕೋಪವಿದೆ. ನಿನ್ನ ಮೇಲಿನ ಕೋಪಕ್ಕೂ ಅದೇ ಬೇರು: ಮೂಗು ಮುರಿಯುವವರ ಕೈಗೆ ನೆಪ ಕೊಡುವವನು ನೀನೇ.

ಹಾಗೆ ನೆಪ ಕೊಡದ ನಿನ್ನ ಓರಗೆಯವರೂ ಇದ್ದಾರೆ. ಕಝೆಹಾಯಾನನ್ನು ನೋಡು. ಕರುಹೊ ಶೀನಾ ಅವರ ‘ಕಿಮಿ ನಿ ತೊದೊಕೆ’ಯ ಹುಡುಗ. 2008ರಲ್ಲಿ ಕೋದಾನ್ಶಾ ಮಂಗಾ ಪ್ರಶಸ್ತಿ ಪಡೆದ, 30 ಸಂಪುಟಗಳ ಈ ಕತೆಯಲ್ಲಿ ಸವಾಕೊ ಎಂಬ ಹುಡುಗಿಯಿದ್ದಾಳೆ. ಉದ್ದ ಕಪ್ಪು ಕೂದಲು, ಬಿಳಿಚಿದ ಮುಖ. ‘ರಿಂಗು’ ಸಿನಿಮಾದ ದೆವ್ವದ ಹೆಸರಿಟ್ಟು ಎಲ್ಲರೂ ಅವಳನ್ನು ಕರೆಯುತ್ತಾರೆ, ಕಣ್ಣಿಗೆ ಕಣ್ಣು ಕೊಟ್ಟರೆ ಶಾಪ ತಟ್ಟುತ್ತದೆ ಎಂದು ದೂರ ಸರಿಯುತ್ತಾರೆ. ಕಝೆಹಾಯಾ ಮಾಡುವುದು ಬಹಳ ಸಣ್ಣ ಕೆಲಸ. ಅವಳ ನಿಜವಾದ ಹೆಸರು ಹಿಡಿದು ಕರೆಯುತ್ತಾನೆ, ಬೆಳಗ್ಗೆ ನಮಸ್ಕಾರ ಹೇಳುತ್ತಾನೆ, ಅವಳು ಮಾತು ಮುಗಿಸುವವರೆಗೆ ಕಾಯುತ್ತಾನೆ. ಅಷ್ಟರಿಂದಲೇ ಕತೆಗೆ ಉಸಿರು ಬರುತ್ತದೆ.

ಆ ಕತೆಯಲ್ಲಿ ನನ್ನನ್ನು ಅಳಿಸಿದ ಪುಟದಲ್ಲಿ ಕಝೆಹಾಯಾ ಇಲ್ಲವೇ ಇಲ್ಲ. ಸವಾಕೊಗೆ ಹೊಸದಾಗಿ ಇಬ್ಬರು ಗೆಳತಿಯರು ಸಿಕ್ಕಿದ್ದಾರೆ, ಯಾನೊ ಮತ್ತು ಚಿಝುರು. ಅವರಿಬ್ಬರ ಬಗ್ಗೆ ಹೊಲಸು ಗಾಳಿಸುದ್ದಿ ಹಬ್ಬುತ್ತದೆ, ಹಬ್ಬಿಸಿದವಳು ಸವಾಕೊ ಎಂಬ ಮಾತೂ ಜೊತೆಗೇ ಬರುತ್ತದೆ. ತನ್ನಿಂದ ಅವರಿಗೆ ಕೆಟ್ಟ ಹೆಸರು ಬರುತ್ತದೆ ಎಂದು ಅವಳು ದೂರ ಸರಿಯುತ್ತಾಳೆ. ಅವಳಿಗೆ ನಾವು ಬೇಡವಾದೆವೇನೋ ಎಂದು ಅವರು ನೋಯುತ್ತಾರೆ. ಆಮೇಲೆ ಶಾಲೆಯ ಶೌಚಾಲಯದಲ್ಲಿ, ಅವರನ್ನು ಆಡಿಕೊಳ್ಳುತ್ತಿದ್ದ ಹುಡುಗಿಯರ ಎದುರು ಒಬ್ಬಳೇ ನಿಂತು ಸವಾಕೊ ಅವರ ಪರವಾಗಿ ಮಾತಾಡುತ್ತಾಳೆ. ಗಟ್ಟಿದನಿಯಲ್ಲಿ ಒಂದು ಮಾತಾಡದವಳು. ಅದು ಯಾನೊ, ಚಿಝುರು ಇಬ್ಬರ ಕಿವಿಗೂ ಬೀಳುತ್ತದೆ. ಆ ಕತೆಯ ಮೊದಲ ಪ್ರೇಮನಿವೇದನೆ ಎಂದರೆ ನನ್ನ ಪಾಲಿಗೆ ಅದೇ. ಹುಡುಗನಿಗೆ ‘ನೀನಂದ್ರೆ ನನಗಿಷ್ಟ’ ಎನ್ನಲು ಬೇಕಾದ ಕಸುವನ್ನು ಅವಳು ಗೆಳತಿಯರ ನಡುವೆ ಕಲಿಯುತ್ತಾಳೆ. ಕಝೆಹಾಯಾನನ್ನು ಬಯಸಿದ ಇನ್ನೊಬ್ಬ ಹುಡುಗಿ ಕುರುಮಿ, ಗಾಳಿಸುದ್ದಿ ಹಬ್ಬಿಸಿದವಳೇ ಅವಳು, ಮುಂದೆ ಸವಾಕೊ ಜೊತೆ ಕೂತು ಪ್ರವೇಶ ಪರೀಕ್ಷೆಗೆ ಓದುತ್ತಾಳೆ. ಇಬ್ಬರಿಗೂ ಟೀಚರ್ ಆಗುವ ಆಸೆ. ಒಬ್ಬ ಹುಡುಗನಿಗಾಗಿ ಜಗಳಾಡಿದ ಇಬ್ಬರಿಗೆ ಆ ಹುಡುಗನನ್ನು ಮೀರಿದ ಗೆಳೆತನ ಕೊಟ್ಟ ಕತೆಗಾರ್ತಿಗೆ ನಾನು ಋಣಿ. ಒಂದು ದೂರು ಮಾತ್ರ ಉಂಟು: ಇಬ್ಬರೂ ಮನಸ್ಸು ಬಿಚ್ಚಿ ಹೇಳಿಕೊಂಡ ಮೇಲೆ ಕತೆ ಸುಮಾರು ಹೊತ್ತು ಕುಂಟುತ್ತದೆ, ಒಂದೇ ಅಳುಕನ್ನು ಮತ್ತೆ ಮತ್ತೆ ಅರೆಯುತ್ತದೆ. ಹುಡುಗ ಹುಡುಗಿ ಒಂದಾದ ಮೇಲೆ ಏನು ಬರೆಯಬೇಕೆಂದು ಹೆಚ್ಚಿನ ಮಂಗಾಗಳಿಗೆ ತೋಚುವುದಿಲ್ಲ.

ತೋಚಿದ ಒಂದು ಕತೆ ಇದೆ, ಅದಕ್ಕೇ ಅದು ನನಗೆ ಅಚ್ಚುಮೆಚ್ಚು. ಕಝುನೆ ಕವಾಹಾರಾ ಬರೆದು ಅರುಕೊ ಚಿತ್ರ ಬಿಡಿಸಿದ ‘ಓರೆ ಮೊನೊಗತಾರಿ’. 13 ಸಂಪುಟ, 2011ರಿಂದ 2016. ನಾಯಕ ತಾಕೆಓಗೆ ನಿನ್ನ ಚೂಪು ಗಲ್ಲವಿಲ್ಲ, ಹಣೆ ಮೇಲೆ ಜಾರುವ ರೇಷ್ಮೆ ಕೂದಲಿಲ್ಲ. ಎರಡು ಮೀಟರ್ ಎತ್ತರ, ದಪ್ಪ ಹುಬ್ಬು, ದಪ್ಪ ತುಟಿ. ಅವನು ಇಷ್ಟಪಟ್ಟ ಹುಡುಗಿಯರೆಲ್ಲ ಪಕ್ಕದ ಮನೆಯ ಚೆಲುವ ಗೆಳೆಯ ಸುನಾಕಾವಾನನ್ನು ಇಷ್ಟಪಟ್ಟವರೇ. ರೈಲಿನಲ್ಲಿ ಕಿರುಕುಳಕ್ಕೆ ಸಿಕ್ಕ ಯಮಾತೊ ಎಂಬ ಹುಡುಗಿಯನ್ನು ಅವನು ಕಾಪಾಡುತ್ತಾನೆ. ಅವಳಿಗೆ ಅವನ ಮೇಲೆ ಮನಸ್ಸಾಗುತ್ತದೆ. ಅವನಿಗೋ ನಂಬಿಕೆಯೇ ಇಲ್ಲ, ಇವಳೂ ಸುನಾಕಾವಾನಿಗಾಗಿ ಬಂದಿದ್ದಾಳೆ ಎಂದುಕೊಂಡು ಅವರಿಬ್ಬರನ್ನು ಕೂಡಿಸಲು ಹೊರಡುತ್ತಾನೆ. ತನಗೆ ನೋವಾಗುತ್ತಿದ್ದರೂ ಅವಳ ಮೇಲೆ ಹಕ್ಕು ಸಾಧಿಸುವ ಯೋಚನೆ ಅವನ ತಲೆಗೆ ಬರುವುದಿಲ್ಲ. ಗೊಂದಲ ಬೇಗ ಬಗೆಹರಿದು, ಇಬ್ಬರೂ ಜೋಡಿಯಾಗಿ, ಕತೆ ಅಲ್ಲಿಂದ ಮುಂದೆ ಹತ್ತು ಹನ್ನೆರಡು ಸಂಪುಟ ಖುಷಿಯಾಗಿ ನಡೆಯುತ್ತದೆ.

ಸುನಾಕಾವಾ ಯಾವ ಹುಡುಗಿಗೂ ಯಾಕೆ ಒಪ್ಪಲಿಲ್ಲ ಗೊತ್ತೇ? ಅವರೆಲ್ಲ ತಾಕೆಓನನ್ನು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಗೆಳೆಯನಿಗೆ ನೋವಾಗಬಾರದೆಂದು ಅದನ್ನು ಅವನಿಗೆ ಹೇಳಲೂ ಇಲ್ಲ. ಇಬ್ಬರು ಹುಡುಗರ ನಡುವೆ ಅಂಥ ಮೃದುತ್ವವನ್ನು ನಿನ್ನ ಕತೆಗಳಲ್ಲಿ ನಾನು ಕಂಡಿಲ್ಲ. ನಿನಗೆ ಗೆಳೆಯರಿದ್ದಾರೆ, ಆದರೆ ಅವರು ನಿನ್ನ ಬೆನ್ನ ಹಿಂದೆ ಸಾಲಾಗಿ ನಿಲ್ಲುವುದಕ್ಕಿದ್ದಾರೆ. ಎದೆ ಹೊಡೆದುಕೊಳ್ಳುವ ವಿಷಯಕ್ಕೆ ಬಂದರೆ, ತಾಕೆಓ ಮತ್ತು ಯಮಾತೊ ಮೊದಲ ಸಲ ಕೈ ಹಿಡಿಯುವ ಪುಟದಲ್ಲಿ ನನಗಾದ ಸಂತೋಷವನ್ನು ನಿನ್ನ ಯಾವ ಗೋಡೆಯೂ ಕೊಟ್ಟಿಲ್ಲ.

ಇನ್ನೊಬ್ಬ ಹುಡುಗ, ಇತ್ತೀಚಿನವನು. ಸುಉ ಮೊರಿಶಿತಾ ಅವರ ‘ಯುಬಿಸಾಕಿ ತೊ ರೆನ್‌ರೆನ್’ 2019ರಲ್ಲಿ ಶುರುವಾಯಿತು. ಯುಕಿ ಕಿವಿ ಕೇಳದ ಕಾಲೇಜು ಹುಡುಗಿ, ಇತ್ಸುಓಮಿ ಹಲವು ಭಾಷೆ ಬಲ್ಲ, ದೇಶ ಸುತ್ತುವ ಹುಡುಗ. ಅವಳ ಸಂಜ್ಞಾಭಾಷೆಯನ್ನು ಅವನು ಕಲಿಯುತ್ತಾನೆ. ಮೊದಲ ಅಧ್ಯಾಯಗಳಲ್ಲಿ ಅವನು ಅವಳ ತೀರ ಹತ್ತಿರ ಬರುವುದು ನನಗೆ ಇಷ್ಟವಾಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಾತಾಡಬೇಕಾದರೆ ಅವಳ ಮುಖ ನೋಡಬೇಕು, ಅವಳ ಕೈಬೆರಳು ನೋಡಬೇಕು. ಅವಳು ಏನು ಹೇಳುತ್ತಿದ್ದಾಳೆ ಎಂದು ಗಮನವಿಟ್ಟು ನೋಡದೆ ಆ ಕತೆಯಲ್ಲಿ ಪ್ರೀತಿ ಒಂದು ಹೆಜ್ಜೆ ಮುಂದಕ್ಕೆ ಹೋಗಲಾರದು.

ಅಮೆರಿಕದ ಪುಸ್ತಕಗಳಿಂದ ನೀವೆಲ್ಲ ಕಲಿಯಬೇಕಾದ್ದೂ ಇದೆ. ಜೂಡಿ ಬ್ಲೂಮ್ 1975ರಲ್ಲಿ ಬರೆದ ‘ಫಾರೆವರ್’ನಲ್ಲಿ ಕ್ಯಾಥರೀನ್ ದೇಹದ ಮಾತನ್ನು ನಾಚಿಕೆಯಿಲ್ಲದೆ ಆಡುತ್ತಾಳೆ, ಎಚ್ಚರಿಕೆ ತೆಗೆದುಕೊಳ್ಳಲು ವೈದ್ಯರ ಬಳಿ ತಾನೇ ಹೋಗುತ್ತಾಳೆ, ಕೊನೆಗೆ ಅವಳ ಮೊದಲ ಪ್ರೀತಿ ಮುಗಿದುಹೋಗುತ್ತದೆ. ಅದಕ್ಕಾಗಿ ಯಾರೂ ಕೆಟ್ಟವರಾಗುವುದಿಲ್ಲ. ಅವಳ ಮನಸ್ಸು ಬೇರೆ ಕಡೆ ತಿರುಗುತ್ತದೆ ಅಷ್ಟೆ. ಅಲ್ಲಿನ ಶಾಲಾ ಗ್ರಂಥಾಲಯಗಳಿಂದ ಆ ಪುಸ್ತಕವನ್ನು ಹೊರಗೆ ಹಾಕಿಸಲು ಜನ ದಶಕಗಳ ಕಾಲ ಹೋರಾಡಿದರು. ಮೊದಲ ಪ್ರೀತಿ ಮುಗಿಯಬಹುದು, ಮುಗಿದ ಮೇಲೂ ಹುಡುಗಿ ಉಳಿಯುತ್ತಾಳೆ ಎಂದು ಹೇಳುವ ಶಾಲಾ ಮಂಗಾ ನನಗೆ ಅಪರೂಪಕ್ಕೆ ಸಿಕ್ಕಿದೆ. ಜೆನ್ನಿ ಹಾನ್ ಅವರ ಕಾದಂಬರಿಗಳ ನಾಯಕಿ ಲಾರಾ ಜೀನ್ ನನಗೆ ಇಷ್ಟವಾಗಿದ್ದು ಅವಳ ಹುಡುಗ ಪೀಟರ್‌ನಿಂದಲ್ಲ. ಅಮ್ಮನಿಲ್ಲದ ಮನೆಯಲ್ಲಿ ಮೂವರು ಅಕ್ಕತಂಗಿಯರು ಒಬ್ಬರನ್ನೊಬ್ಬರು ಸಾಕಿಕೊಳ್ಳುವ ರೀತಿ ಇಷ್ಟವಾಗಿದ್ದು. ಜಾನ್ ಗ್ರೀನ್ ಅವರ ‘ದ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಓದಿ ಎಲ್ಲರಂತೆ ನಾನೂ ಅತ್ತೆ. ಆದರೆ ಅದರ ನಾಯಕ ಆಗಸ್ಟಸ್ ಬಾಯಿ ತೆರೆದರೆ ಭಾಷಣ, ಹದಿನೇಳರ ಹುಡುಗ ತಡವರಿಸುವುದನ್ನು ಆ ಪುಸ್ತಕ ಕೇಳಿಸಿಕೊಂಡಂತಿಲ್ಲ. ತಡವರಿಸುವುದಕ್ಕೆ ಮಂಗಾಗೇ ಹೋಗಬೇಕು.

ನನ್ನ ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. ನಿನ್ನ ಬಗ್ಗೆ ನಾನು ಬಯ್ಯುತ್ತಿದ್ದಾಗ ಅವಳು ಹೇಳಿದಳು: “ಚಿಕ್ಕಮ್ಮಾ, ಅವನು ಪುಸ್ತಕದಲ್ಲಿ ಇರೋದ್ರಿಂದ ನಂಗೆ ಭಯ ಇಲ್ಲ. ಬೇಡ ಅನ್ಸಿದ್ರೆ ಪುಸ್ತಕ ಮುಚ್ತೀನಿ. ಬಸ್‌ಸ್ಟಾಪಲ್ಲಿ ನಿಂತ್ಕೊಂಡು ನೋಡ್ತಾನಲ್ಲ, ಅವನನ್ನ ಮುಚ್ಚೋಕಾಗಲ್ಲ.” ನಿನ್ನ ಪರವಾಗಿ ನಾನು ಕೇಳಿದ ಅತ್ಯುತ್ತಮ ವಾದ ಅದು. ಅವಳು ಹೇಳಿದ್ದು ನಿಜ. ಯಾರಾದರೂ ತನ್ನನ್ನು ಲೋಕವೇ ಮರೆಯುವಷ್ಟು ಬಯಸಲಿ ಎಂಬ ಆಸೆ ಹದಿನಾರಕ್ಕೆ ಸಹಜ, ನಲವತ್ತಕ್ಕೂ ಸಹಜ. ಕಾಗದದ ಮೇಲೆ ಆ ಆಸೆಗೆ ಅಪಾಯವಿಲ್ಲದ ಒಂದು ಜಾಗ ಸಿಗುತ್ತದೆ. ಬೀಗದ ಕೈ ಓದುಗಾರ್ತಿಯ ಬಳಿಯೇ ಇರುತ್ತದೆ. ಓದುವ ಹುಡುಗಿಯರನ್ನು ಏನೂ ತಿಳಿಯದವರು ಎಂದುಕೊಳ್ಳುವ ಹಿರಿಯರಿಗೆ ಇದನ್ನು ಕೇಳಿಸಬೇಕು.

ಆದರೂ ತಮ್ಮಾ, ಅವಳ ಮಾತಿನ ಎರಡನೆಯ ಅರ್ಧವೂ ಇದೆ. ಬಸ್‌ಸ್ಟಾಪಿನ ಹುಡುಗನೂ ಎಲ್ಲಿಂದಲೋ ಕಲಿತಿದ್ದಾನೆ. ನಮ್ಮ ಸಿನಿಮಾಗಳಲ್ಲಿ ನಿನ್ನ ದಾಯಾದಿಗಳು ಬೇಕಾದಷ್ಟಿದ್ದಾರೆ. ಹುಡುಗಿ ಬೇಡ ಎಂದಷ್ಟೂ ಹಿಂದೆ ಬೀಳುತ್ತಾರೆ, ಎರಡನೆಯ ಹಾಡಿನ ಹೊತ್ತಿಗೆ ಅವಳು ಒಪ್ಪಿರುತ್ತಾಳೆ. ನನ್ನ ಅಕ್ಕನ ಮಗಳಿಗೆ ನಿನ್ನನ್ನು ಮುಚ್ಚಿಡುವ ಶಕ್ತಿಯಿದೆ. ಅವಳ ತರಗತಿಯ ಹುಡುಗನಿಗೆ ಮಾತ್ರ ನಿನ್ನ ಹೊರತು ಬೇರೆ ಮಾದರಿ ಸಿಕ್ಕಿಲ್ಲದೆ ಇರಬಹುದು. ತಾಕೆಓ, ಕಝೆಹಾಯಾ ಅವನ ಕೈಗೆ ಯಾವಾಗ ಸೇರುತ್ತಾರೆ? ಈ ಕತೆಗಳನ್ನು ಹುಡುಗಿಯರವು ಎಂದು ಬೇರೆ ಕಪಾಟಿನಲ್ಲಿ ಇಟ್ಟಿದ್ದೇವೆ. ಓದಬೇಕಾದವನು ಆ ಕಪಾಟಿನ ಹತ್ತಿರ ಬರಲು ನಾಚುತ್ತಾನೆ.

ಮಂಗಾ ಪತ್ರಿಕೆಗಳು ಓದುಗರು ಕಳಿಸುವ ಅಭಿಪ್ರಾಯದ ಕಾರ್ಡುಗಳನ್ನು ಎಣಿಸಿ ಯಾವ ಕತೆ ಮುಂದುವರಿಯಬೇಕೆಂದು ನೋಡುವುದು ಜಪಾನಿನ ಹಳೆಯ ಪದ್ಧತಿ. ದೂರದ ಊರಿನಿಂದ ತಡವಾಗಿ ಬಂದ ಒಂದು ಕಾರ್ಡು ಇದು ಎಂದುಕೋ, ನಿನ್ನನ್ನು ಬರೆಯುವವರಿಗೂ ತೋರಿಸು. ನನಗೆ ಬೇಕಾದ್ದು ಇಷ್ಟು. ನೀನು ಸಿಟ್ಟು ಮಾಡಿಕೋ, ಹೊಟ್ಟೆಕಿಚ್ಚು ಪಡು, ತಪ್ಪು ಮಾಡು. ದೋಷವಿಲ್ಲದ ಹುಡುಗನ ಕತೆ ನನಗೂ ಬೇಡ. ತಪ್ಪು ಮಾಡಿದಾಗ ಬಾಲ್ಯವನ್ನು ಮುಂದೆ ತಳ್ಳದೆ, ಅವಳ ಮುಖ ನೋಡಿ ಬಾಯಿ ಬಿಟ್ಟು ಕ್ಷಮೆ ಕೇಳು, ಅವಳು ಕ್ಷಮಿಸದೇ ಇರುವುದಕ್ಕೂ ಕತೆಯಲ್ಲಿ ಜಾಗವಿರಲಿ. ಮುತ್ತಿಡುವ ಮೊದಲು ಕೇಳು. ಕೇಳುವುದರಿಂದ ರೋಮಾಂಚನ ಹೋಗುತ್ತದೆ ಎನ್ನುವವರು, ಕೇಳಿದ ಪ್ರಶ್ನೆಗೂ ಬರುವ ಉತ್ತರಕ್ಕೂ ನಡುವಿನ ಎರಡು ಪುಟಗಳನ್ನು ಒಳ್ಳೆಯ ಚಿತ್ರಗಾರ್ತಿಯ ಕೈಯಲ್ಲಿ ನೋಡಿಲ್ಲ. ಅವಳ ಗೆಳತಿಯರನ್ನು ಅವಳಿಂದ ಕಸಿಯಬೇಡ. ಅವಳಿಗೆ ನಾಳೆ ಗಣಿತದ ಪರೀಕ್ಷೆಯಿದ್ದರೆ ಅದು ಕತೆಗೂ ಮುಖ್ಯವಾಗಲಿ.

ನನ್ನ ಅಕ್ಕನ ಮಗಳಿಗೆ ತಾಕೆಓನ ಮೊದಲ ಸಂಪುಟ ಕೊಟ್ಟಿದ್ದೇನೆ. ದೊಮ್ಯೋಜಿಯನ್ನೂ ಕಪಾಟಿನಿಂದ ತೆಗೆದಿಲ್ಲ; ಅವನನ್ನು ಓದಿ ಅವಳು ಏನು ಹೇಳುತ್ತಾಳೋ ಕೇಳಬೇಕು. ಅವಳ ತಮ್ಮನಿಗೂ ಈಗ ಹದಿಮೂರು, ತಾಕೆಓನನ್ನು ಮುಗಿಸಿದ ಮೇಲೆ ಅವನಿಗೆ ದಾಟಿಸು ಎಂದಿದ್ದೇನೆ. ನಿನ್ನ ಮುಂದಿನ ಕತೆಯಲ್ಲಿ ಅವಳು ‘ಬೇಡ’ ಎಂದಾಗ ನೀನು ದಾರಿ ಬಿಟ್ಟು, ಒಂದು ಇಡೀ ಸಂಪುಟ ಅವಳ ಮಾತಿಗೆ ಬೆಲೆ ಕೊಟ್ಟು ದೂರ ಉಳಿದರೆ, ಆ ಸಂಪುಟವನ್ನು ಮೂರು ಪ್ರತಿ ಕೊಳ್ಳುತ್ತೇನೆ: ನನಗೊಂದು, ಅವರಿಬ್ಬರಿಗೆ ಒಂದೊಂದು.

ಇಂತಿ,
ನಿನ್ನ ಕತೆಗಳನ್ನು ಬಿಡದ
ಒಬ್ಬ ಓದುಗಾರ್ತಿ